ಮನೆಯಲ್ಲಿ ಈಜುಕೊಳವಿದೆ, ಮೂರು ವರ್ಷದ ಮಗುವೂ ಇದೆ. ಕಣ್ಣಿಟ್ಟಿದ್ದರೆ ಸಾಕಲ್ಲವೇ?

ಸಾಲದು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಸದ್ದಿಲ್ಲದೆ ತಳ ಸೇರುತ್ತದೆ. ನೀವು ಫೋನಿನಲ್ಲಿ ನಾಲ್ಕು ಮಾತಾಡಿ ತಿರುಗುವಷ್ಟರಲ್ಲಿ ಕೈಮೀರಿರಬಹುದು. ಅದೂ ಎಷ್ಟೋ ಸಲ ಈಜಾಡುವಾಗಲ್ಲ, ಮಗು ಒಳಗೇ ಇದೆ ಎಂದು ಎಲ್ಲರೂ ಅಂದುಕೊಂಡ ಹೊತ್ತಿನಲ್ಲಿ.

ಹಾಗಾಗಿ ಮೊದಲು ಬೇಲಿ, ಅದೂ ನಾಲ್ಕೂ ಕಡೆ. ಮನೆಯ ಗೋಡೆಯನ್ನೇ ಒಂದು ಬದಿಯೆಂದು ಲೆಕ್ಕ ಹಿಡಿಯಬೇಡಿ. ಆ ಗೋಡೆಯ ಬಾಗಿಲಿನಿಂದಲೇ ಮಗು ನೇರವಾಗಿ ನೀರಿಗೆ ಹೋಗುವುದು. ಎತ್ತರ ಕನಿಷ್ಠ 4 ಅಡಿ ಇರಲಿ, ಸರಳುಗಳ ನಡುವಿನ ಸಂದು 4 ಅಂಗುಲ ಮೀರದಿರಲಿ, ಕಾಲಿಟ್ಟು ಹತ್ತಲು ಅಡ್ಡಪಟ್ಟಿ ಸಿಗದಿರಲಿ. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಬಿಟ್ಟ ಕೂಡಲೇ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಇಷ್ಟೆಲ್ಲ ಮಾಡಿ ಬೇಲಿಯ ಪಕ್ಕ ಒಂದು ಕುರ್ಚಿ ಬಿಟ್ಟಿರೋ, ಖರ್ಚೆಲ್ಲ ದಂಡ! ಆಟ ಮುಗಿದ ಮೇಲೆ ಬಣ್ಣದ ಚೆಂಡು, ಬಾತುಕೋಳಿಗಳನ್ನು ನೀರಿನಿಂದ ತೆಗೆದಿಡಿ, ಮಗುವನ್ನು ಕರೆಯುವುದೇ ಅವು.

ನೀರಿಗಿಳಿದಾಗ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರವಿರಬೇಕು. ಗಾಳಿ ತುಂಬಿದ ತೋಳುಪಟ್ಟಿ ಆಟದ ಸಾಮಾನೇ ಹೊರತು ರಕ್ಷಣೆಯಲ್ಲ. ಈಜು ಖಂಡಿತ ಕಲಿಸಿ, ಆದರೆ ಕಲಿತ ಮಗುವೂ ಮುಳುಗಬಹುದು.

ಮಗು ಕಾಣದಿದ್ದರೆ ಕೊಳವನ್ನೇ ಮೊದಲು ನೋಡಿ. ಎತ್ತಿದಾಗ ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಲು ಶುರುಮಾಡಿ. ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಹೊಟ್ಟೆ ಅಮುಕಿ ನೀರು ಕಕ್ಕಿಸಲು ಹೋಗಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು.