ಸಮ್ಮೇಳನದ ಹೊರೆ ಇಳಿಸುವ ಬಗೆ

ಪ್ರಶ್ನೆ: ದಾವಣಗೆರೆಯಲ್ಲಿ 800 ವೈದ್ಯರ ರಾಜ್ಯಮಟ್ಟದ ಸಮ್ಮೇಳನ ನಡೆಸುವ ಹೊಣೆ ನಮ್ಮ ಸಂಘದ ಮೇಲಿದೆ. ಕಾಗದದ ಲೋಟ ಬಳಸಿದರೆ ಪರಿಸರಕ್ಕಾಗುವ ಹಾನಿ ತಗ್ಗೀತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಲೇಪನವಿರುತ್ತದೆ, ಬಾಡಿಗೆಗೆ ಸಿಗುವ ಸ್ಟೀಲ್ ಲೋಟವೇ ಮೇಲು. ಆದರೆ ಲೋಟದ ವಿಚಾರ ಸಣ್ಣದು. ಇಂತಹ ಸಮ್ಮೇಳನಗಳಿಂದ ಹೊಮ್ಮುವ ಇಂಗಾಲದ ಬಹುಪಾಲು ಪ್ರತಿನಿಧಿಗಳ ಪ್ರಯಾಣದ್ದು, ಅದರಲ್ಲೂ ವಿಮಾನಯಾನದ್ದು. ಈ ಮಟ್ಟಿಗೆ ನಿಮ್ಮ ಊರು ಪುಣ್ಯ ಮಾಡಿದೆ: ವಿಮಾನ ನಿಲ್ದಾಣವಿಲ್ಲದಿದ್ದರೂ (ಅದಕ್ಕಾಗಿ ಕೊರಗುವವರೇ ಹೆಚ್ಚು) ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿದ್ದು, 2023ರಿಂದ ವಂದೇ ಭಾರತ್ ರೈಲೂ ಇಲ್ಲಿ ನಿಲ್ಲುತ್ತಿರುವುದರಿಂದ, ಬೆಳಗಿನ ರೈಲು ಬಂದ ಮೇಲೆ ಉದ್ಘಾಟನೆಯನ್ನಿಟ್ಟು, ನಿಲ್ದಾಣದಿಂದ ಸಭಾಂಗಣಕ್ಕೆ ಬಸ್ಸಿನ ವ್ಯವಸ್ಥೆ ಮಾಡಿದರೆ ಅನೇಕರು ಕಾರು ತರುವುದನ್ನೇ ಬಿಡುತ್ತಾರೆ. ಅರ್ಧ ಗಂಟೆಯ ಉಪನ್ಯಾಸಕ್ಕೆಂದು ದೆಹಲಿಯಿಂದ ಹಾರಿಬರುವ ಅತಿಥಿಗೆ ವಿಡಿಯೊ ಸಾಕು.

ಊಟದಲ್ಲಿ ಬಗೆಗಳು ಹೆಚ್ಚಿದಷ್ಟೂ ಎಲೆಯಲ್ಲಿ ಉಳಿಯುವುದೂ ಹೆಚ್ಚು. ಕೇಳಿದವರಿಗೆ ಕೇಳಿದಾಗ ಕಾವಲಿಯಿಂದ ಎತ್ತಿಕೊಡುವ ಬೆಣ್ಣೆದೋಸೆ ಚೆಲ್ಲಿಹೋಗುವುದು ಅಪರೂಪ. ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಬಟ್ಟೆಯ ಫಲಕದ ಮೇಲೆ ಇಸವಿ ಬರೆಸದಿದ್ದರೆ ಮುಂದಿನ ವರ್ಷಕ್ಕೂ ಅದೇ ಆಗುತ್ತದೆ.