ದೇವರು ಒಳ್ಳೆಯವನಾದರೆ, ಕಷ್ಟ ಬಂದಾಗ ಕ್ರೈಸ್ತರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ?

ಬೀದರ್‌ನ ಮೆಥೋಡಿಸ್ಟ್ ಚರ್ಚೊಂದಕ್ಕೆ ಚಿಕ್ಕಂದಿನಿಂದ ಹೋಗುತ್ತಿರುವವಳು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ದೇವರು ಎಂಥವನು ಎಂದು ತಿಳಿದಿದ್ದೇವೋ ಅದರ ಮೇಲೆ ಎಲ್ಲ ನಿಂತಿದೆ. ತಪ್ಪಿಗೆ ತಕ್ಕ ಶಿಕ್ಷೆ ಅಳೆದು ಕೊಡುವವನು ಎಂದುಕೊಂಡರೆ, ಕಾಯಿಲೆ ಬಿದ್ದವರನ್ನು ಕಂಡು ‘ಏನು ಪಾಪ ಮಾಡಿದ್ದರೋ’ ಅನ್ನುತ್ತೇವೆ. ಬೈಬಲಿನಲ್ಲಿ, ತಪ್ಪು ಮಾಡದೆಯೂ ಕಷ್ಟಕ್ಕೆ ಸಿಕ್ಕಿದ ಯೋಬನಿಗೆ ಅವನ ಗೆಳೆಯರು ಹೇಳಿದ್ದೂ ಇದನ್ನೇ. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಆ ಗೆಳೆಯರ ಮೇಲೆ! ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪ ಎಂದಾಗ ಯೇಸುಸ್ವಾಮಿ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದರು (ಬೈಬಲಿನ ಯೋಹಾನನ ಸುವಾರ್ತೆ, ಅಧ್ಯಾಯ 9).

ತಮ್ಮ ಗೆಳೆಯ ಲಾಜರನ ಸಾವಿಗೆ ಯೇಸು ಕಣ್ಣೀರಿಟ್ಟರು. ಶಿಲುಬೆಯ ಮೇಲೆ ‘ಯಾಕೆ ಕೈಬಿಟ್ಟೆ’ ಎಂದು ಕೂಗಿದರು. ಅದು ಬೈಬಲಿನ ಪ್ರಾರ್ಥನಾ ಗೀತೆಗಳಲ್ಲಿ ಒಂದಾದ 22ನೇ ಕೀರ್ತನೆ ಶುರುವಾಗುವ ಮಾತು. ಯೇಸುವೇ ದೇವರು ಎಂದು ನಂಬುವವರು ನಾವು; ಹಾಗಾಗಿ ನಾವು ನಂಬುವ ದೇವರು ಸ್ವತಃ ನೋವು ಉಂಡವನು. ಆದ್ದರಿಂದಲೇ ಅವನ ಮುಂದೆ ಅಳಬಹುದು, ಜಗಳವನ್ನೂ ಆಡಬಹುದು.

ಅಪ್ಪ ತೀರಿಕೊಂಡಾಗ ಚರ್ಚಿನ ಹೆಂಗಸರು ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು ಅವ್ವನ ಪಕ್ಕ ಸುಮ್ಮನೆ ಕೂತರು. ಸಂಜೆಯವರೆಗೂ ಒಬ್ಬರೂ ಉಪದೇಶ ಮಾಡಲಿಲ್ಲ. ಸಾವಿನ ಮನೆಗೆ ಹೋದರೆ ನಾನೂ ಈಗ ಹಾಗೇ ಕೂರುತ್ತೇನೆ.