ಆ ಕೋಣೆ ನಿಮಗೂ ಬೇಕು

ತುಮಕೂರಿನಿಂದ ಬಂದ ಒಂದೇ ಪತ್ರಕ್ಕೆ ಈ ವಾರದ ಅಂಕಣ ಪೂರ್ತಿ ಕೊಡುತ್ತಿದ್ದೇನೆ. ಓದಿದ ಮೇಲೆ ಬೇರೆ ಪತ್ರ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಉಳಿದವರು ಮುಂದಿನ ವಾರದವರೆಗೆ ಕಾಯಬೇಕು.

ಬರೆದ ತಾಯಿಗೆ 33 ವರ್ಷ. ಬಿ.ಕಾಂ. ಓದಿದ್ದಾರೆ. ಒಬ್ಬ ಆಡಿಟರ್ ಆಫೀಸಿನಲ್ಲಿ 5 ವರ್ಷ ಕೆಲಸ ಮಾಡಿ, ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಬಿಟ್ಟರು. ಈಗ ಮಗಳಿಗೆ 7, ಮಗನಿಗೆ 3. ಗಂಡ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಸಂಬಳ ತಿಂಗಳ 20ಕ್ಕೇ ಮುಗಿಯುತ್ತದೆ. ಮನೆಯಲ್ಲಿದ್ದುಕೊಂಡೇ ಏನಾದರೂ ದುಡಿಯೋಣ ಎಂದು ಹೊರಟು ಎರಡು ಸಲ ಮೋಸ ಹೋಗಿದ್ದಾರೆ. ಮೊದಲನೆಯದು ಫಾರ್ಮ್ ತುಂಬುವ ಕೆಲಸ, ‘ರಿಜಿಸ್ಟ್ರೇಷನ್’ ಹೆಸರಲ್ಲಿ 1,999 ರೂಪಾಯಿ ಹೋಯಿತು. ಎರಡನೆಯದು ಟೆಲಿಗ್ರಾಮ್ ಗುಂಪು. ಹೋಟೆಲುಗಳಿಗೆ ಸ್ಟಾರ್ ಕೊಟ್ಟರೆ ದುಡ್ಡು. ಮೊದಲ ದಿನ 150 ಬಂತು. ನಂಬಿಕೆ ಬಂತು. ‘ಪ್ರೀಪೇಡ್ ಟಾಸ್ಕ್’ ಎಂದು 5,000 ಕಟ್ಟಿಸಿಕೊಂಡರು. ಆಮೇಲೆ ಗುಂಪೇ ಇಲ್ಲ. ಆ 5,000ದಲ್ಲಿ 2,000 ಅತ್ತೆಯವರ ಗೃಹಲಕ್ಷ್ಮಿ ಹಣ.

ಈಗ ಅವರ ಪ್ರಶ್ನೆ: ‘ನಂಬಬಹುದಾದ ಕೆಲಸ ಯಾವುದಕ್ಕಾ? ಮನೆಕೆಲಸದ ಮಧ್ಯೆ ಮೊಬೈಲಿನಲ್ಲೇ ಮಾಡುವ ಹಾಗಿರಬೇಕು. ಪೆನ್ಸಿಲ್ ಪ್ಯಾಕಿಂಗ್ ಅಂತ ಒಂದು ಬಂದಿದೆ. ತಿಂಗಳಿಗೆ 30 ಸಾವಿರ ಅಂತೆ. ಸೇರಿಕೊಳ್ಳಲಾ?’

ಬೇಡ ತಂಗಿ. ಪೆನ್ಸಿಲನ್ನು ಫ್ಯಾಕ್ಟರಿಯಲ್ಲಿ ಮಷೀನು ಪ್ಯಾಕ್ ಮಾಡುತ್ತದೆ. ತುಮಕೂರಿನ ಮನೆಗೆ ಮೂಟೆ ಕಳಿಸಿ, ಡಬ್ಬಿಗೆ ತುಂಬಿಸಿ, ಮತ್ತೆ ತರಿಸಿಕೊಂಡು 30 ಸಾವಿರ ಕೊಟ್ಟರೆ ಆ ಕಂಪನಿಗೆ ಏನು ಉಳಿಯುತ್ತದೆ? ಅವರು ಹೆಸರಾಂತ ಕಂಪನಿಯ ಚಿಹ್ನೆ ಕದ್ದು ಹಾಕಿಕೊಂಡಿರುತ್ತಾರೆ. ಮೊದಲು ಐಡಿ ಕಾರ್ಡಿಗೆ ದುಡ್ಡು, ಆಮೇಲೆ ಡೆಲಿವರಿಗೆ, ಆಮೇಲೆ ‘ಲಾರಿ ಚೆಕ್‌ಪೋಸ್ಟಲ್ಲಿ ನಿಂತಿದೆ’ ಎಂದು ಇನ್ನಷ್ಟು ದುಡ್ಡು. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು. ನಿಮ್ಮಿಂದ ಒಂದು ರೂಪಾಯಿ ಕೇಳಿದರೂ ಆ ನಂಬರನ್ನು ಬ್ಲಾಕ್ ಮಾಡಿ. ಇದನ್ನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಅದಕ್ಕಿಂತ ಅರ್ಜೆಂಟಾದದ್ದು ಇನ್ನೊಂದಿದೆ. ಆ ಫಾರ್ಮ್ ಕಂಪನಿಯವರು ಈಗ ‘ವಕೀಲರ ನೋಟಿಸ್’ ಎಂದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದಾರೆ, 6,800 ಕಟ್ಟದಿದ್ದರೆ ಪೊಲೀಸ್ ಕೇಸ್ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದೂ ಬರೆದಿದ್ದೀರಿ. ನಿದ್ದೆ ಮಾಡಿ. ಇದು ಹಳೆಯ ಆಟ. ಓದಲೂ ಆಗದ ಮಸುಕು ಕೈಬರಹದ ಫಾರ್ಮ್ ಕೊಡುತ್ತಾರೆ. ಐದೇ ದಿನದ ಗಡುವು. 90 ಪರ್ಸೆಂಟ್ ಸರಿ ಇರಬೇಕು ಎಂಬ ಷರತ್ತು. ಕೊನೆಯ ದಿನ ವೆಬ್‌ಸೈಟ್ ತೆರೆಯುವುದಿಲ್ಲ. ನೀವು ಫೇಲಾಗಲಿ ಎಂದೇ ಅದನ್ನು ಹಾಗೆ ಕಟ್ಟಿರುತ್ತಾರೆ. ರಿಜಿಸ್ಟ್ರೇಷನ್ ಹಣ ಅವರಿಗೆ ಸಣ್ಣದು. ಅವರ ನಿಜವಾದ ಸಂಪಾದನೆ ಈ ಹೆದರಿಕೆಯಿಂದ. ಕರಾರಿನ ಪ್ರಕಾರ ಕೆಲಸ ಮಾಡಲಿಲ್ಲ ಅನ್ನುವುದು ಸಿವಿಲ್ ವಿಷಯ. ಅದಕ್ಕೆ ಪೊಲೀಸರು ಬಂದು ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಖಾಕಿ ತೋರಿಸಿ ‘ಡಿಜಿಟಲ್ ಅರೆಸ್ಟ್’ ಅಂದರೆ ಫೋನ್ ಇಟ್ಟುಬಿಡಿ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲ.

ಅವರಿಗೆ ಉತ್ತರ ಕೊಡಬೇಡಿ. ಮೆಸೇಜುಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಟೆಲಿಗ್ರಾಮ್ ಗುಂಪಿಗೆ ಹಣ ಹೋದ ದಿನವೇ ಮಾಡಿದ್ದರೆ, ಅದು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಜಾಸ್ತಿ ಇರುತ್ತಿತ್ತು. ಈಗಲೂ ಮಾಡಿ, ದೂರು ದಾಖಲಾಗಿರಲಿ. ಜಿಲ್ಲೆಯ ಸಿಇಎನ್ ಠಾಣೆಗೂ ಹೋಗಬಹುದು, ಸೈಬರ್ ಮೋಸ ನೋಡುವುದು ಅವರೇ. ಆಧಾರ್, ಪ್ಯಾನ್ ಫೋಟೋ ಕಳಿಸಿದ್ದೀರಲ್ವಾ? ಹಾಗಾದರೆ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್ ವೆಬ್‌ಸೈಟಿನಲ್ಲಿ ವರ್ಷಕ್ಕೊಮ್ಮೆ ಸಿಗುವ ಉಚಿತ ರಿಪೋರ್ಟ್ ತೆಗೆದು, ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ನೋಡಿ. ಇನ್ನೊಂದು ಮಾತು. ‘ನಿಮ್ಮ ಖಾತೆಗೆ ಹಣ ಹಾಕುತ್ತೇವೆ, ಕಮಿಷನ್ ಇಟ್ಟುಕೊಂಡು ಮುಂದಕ್ಕೆ ಕಳಿಸಿ’ ಎಂಬ ಕೆಲಸವನ್ನು ಯಾರೇ ತಂದರೂ ಮುಟ್ಟಬೇಡಿ. ಅದು ಇನ್ಯಾರೋ ತಾಯಿಯಿಂದ ಕಿತ್ತ ದುಡ್ಡು. ಖಾತೆ ನಿಮ್ಮದಾದ್ದರಿಂದ ಅದರಲ್ಲಿ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೇ.

ಮೋಸದ ಮಾತು ಇಲ್ಲಿಗೆ ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರದ ಮಧ್ಯೆ ನೀವು ಸುಮ್ನೆ ಬರೆದು ಮುಂದೆ ಹೋದ ಎರಡು ಸಾಲು. ‘ಮೈದುನನಿಗೂ ವರ್ಕ್ ಫ್ರಮ್ ಹೋಮ್. ವಾರಕ್ಕೆ ಎರಡು ದಿನ ಟ್ರೇನಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ, ಆವಾಗ ರೂಮು ಖಾಲಿ ಇರುತ್ತೆ, ಬಟ್ಟೆ ಒಣಗಿಸುತ್ತೇನೆ. ಉಳಿದ ದಿನ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಂಡು, 11 ಗಂಟೆಗೆ ಕಾಫಿ ಕೊಟ್ಟು ಬರಬೇಕು.’

ಮನೆಯಿಂದ ಮಾಡುವ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ನನ್ನನ್ನು ಕೇಳಿದಿರಿ. ಅದು ನಿಮ್ಮ ಮನೆಯಲ್ಲೇ ನಡೆಯುತ್ತಿದೆ. ಅದಕ್ಕೆ ಒಂದು ಕೋಣೆ ಇದೆ, ಬಾಗಿಲಿದೆ. ಮೇಜು, ಕುರ್ಚಿ, ಇಂಟರ್ನೆಟ್ ಇದೆ. ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಇದೆ. ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬೇರೆ ಒಬ್ಬರಿದ್ದಾರೆ. ಆ ಒಬ್ಬರು ನೀವು. ಅಷ್ಟೆಲ್ಲ ಇದ್ದರೆ ಮಾತ್ರ ಆ ಹುಡುಗ ಕೆಲಸ ಮಾಡಬಲ್ಲ. ಅಂಥದ್ದರಲ್ಲಿ ನೀವು ಕೇಳುತ್ತಿರುವುದು ಒಗ್ಗರಣೆಗೂ ಬಟ್ಟೆ ಮಡಚುವುದಕ್ಕೂ ನಡುವೆ, ಮಗು ತೊಡೆಯ ಮೇಲಿರುವಾಗ, ಮೊಬೈಲಿನಲ್ಲಿ ಆಗುವ ಕೆಲಸ.

ಅಂಥ ಕೆಲಸವನ್ನು ಕೊಡುತ್ತೇನೆ ಅನ್ನುವವರು ಮೋಸಗಾರರು ಮಾತ್ರ. ಅವರ ಜಾಹೀರಾತು ನೋಡಿ: ‘ಬಿಡುವಿನ ವೇಳೆಯಲ್ಲಿ, ಮೊಬೈಲ್ ಸಾಕು, ಅನುಭವ ಬೇಡ, ಗೃಹಿಣಿಯರಿಗೆ ಸುವರ್ಣಾವಕಾಶ.’ ನಿಮ್ಮ ಹತ್ತಿರ ಕೋಣೆ ಇಲ್ಲ, ಹೊತ್ತಿಲ್ಲ, ಲ್ಯಾಪ್‌ಟಾಪ್ ಇಲ್ಲ, ಕೇಳುವ ಧೈರ್ಯವೂ ಇಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನೀವು ದಡ್ಡರು ಅಂತ ಬಿದ್ದಿದ್ದಲ್ಲ ತಂಗಿ. ನಿಮಗೆ ಉಳಿದಿದ್ದ ಚೂರುಪಾರು ಹೊತ್ತಿಗೆ ಹೊಂದುವ ಕೆಲಸ ಅದೊಂದೇ ಇತ್ತು. ನಾನು ಯಾವಾಗಲೂ ಹೇಳುವ ಮಾತು ಇದು: ಹೆಣ್ಣುಮಕ್ಕಳು ದುಡಿಯಬೇಕೆಂದರೆ ಮೊದಲು ಮನೆಯವರು ಹೊತ್ತು ಬಿಟ್ಟುಕೊಡಬೇಕು. ಎಲ್ಲರಿಗೂ ಬಡಿಸಿ ಉಳಿದ ಹೊತ್ತಿನಲ್ಲಿ ಸಂಬಳ ಹುಟ್ಟುವುದಿಲ್ಲ.

ಇನ್ನು ಈ ಮೈದುನ. ಫಾರ್ಮ್ ಕಂಪನಿಗೆ ಹಣ ಕಟ್ಟುವ ಮೊದಲು ನೀವು ಅವನಿಗೆ ಲಿಂಕ್ ತೋರಿಸಿದ್ದೀರಿ. ಅವನು ‘ಇವೆಲ್ಲ ಹಂಗೇ ಅತ್ತಿಗೆ, ನೋಡಿಕೊಂಡು ಮಾಡಿ’ ಎಂದು ಹೆಡ್‌ಫೋನ್ ಹಾಕಿಕೊಂಡ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಹುಡುಗ. ಆ ವೆಬ್‌ಸೈಟ್ ಹೊಸದಾಗಿ ಹುಟ್ಟಿದ್ದು, ವಿಳಾಸ ಸುಳ್ಳು ಎಂದು ಪತ್ತೆ ಹಚ್ಚಲು ಅವನಿಗೆ ಹತ್ತು ನಿಮಿಷ ಸಾಕಿತ್ತು. ಅವನ ಕಾಫಿ 11 ಗಂಟೆಗೆ ಸರಿಯಾಗಿ ಹೋಗುತ್ತದೆ, ನಿಮ್ಮ ಪ್ರಶ್ನೆಗೆ ಹತ್ತು ನಿಮಿಷ ಸಿಗಲಿಲ್ಲ. ನಿಮ್ಮ ಗಂಡನ ಮೇಲೆ ನನಗೆ ಅಷ್ಟು ಕೋಪವಿಲ್ಲ, ಬೆಳಗ್ಗೆ 9ಕ್ಕೆ ಹೋಗಿ ರಾತ್ರಿ 8ಕ್ಕೆ ಬರುವ ಮನುಷ್ಯ. ಅತ್ತೆಯವರ ಮೇಲಂತೂ ಇಲ್ಲವೇ ಇಲ್ಲ. ನೀವು ಅವರನ್ನು ‘ಸ್ವಲ್ಪ ಹಳೇ ಕಾಲದವರು’ ಎಂದು ಬರೆದಿದ್ದೀರಿ. ಮಂಡಿನೋವಿನ ಆ ಹೆಂಗಸು ತನ್ನ ಖಾತೆಗೆ ಬಂದ 2,000ವನ್ನು ಸೊಸೆಯ ಕೆಲಸಕ್ಕೆಂದು ತೆಗೆದುಕೊಟ್ಟರು. ಹೋದ ಮೇಲೆ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ನಿಮ್ಮ ದುಡಿಮೆಯನ್ನು ನಂಬಿ ಹಣ ಹಾಕಿದವರು ಅವರೊಬ್ಬರೇ. ಅವರನ್ನು ಜೊತೆಗೆ ಇಟ್ಟುಕೊಳ್ಳಿ.

ಹಾಗಾದರೆ ಕೆಲಸ ಎಲ್ಲಿದೆ? ನೀವೇ ಬರೆದಿದ್ದೀರಿ, ‘ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ನೋಡುತ್ತಿದ್ದೆ, ಈಗ ಎಲ್ಲ ಮರೆತಿದೆ’ ಎಂದು. ಮರೆತಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್ ಹಾಕಬೇಕು ಅನ್ನುವುದು ನಿಮ್ಮ ಮೈಗೆ ಹತ್ತಿರುತ್ತದೆ. ನೀವು ಬಿಟ್ಟ ಮೇಲೆ ಕೆಲವು ಬದಲಾಗಿವೆ. 2024ರ ಅಕ್ಟೋಬರ್‌ನಲ್ಲಿ ಪೋರ್ಟಲ್‌ಗೆ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಂದಿದೆ, ಮಾರಿದವರು ಹಾಕಿದ ಬಿಲ್ಲನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ವ್ಯವಸ್ಥೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿ, 12 ಪರ್ಸೆಂಟಿನ ಸ್ಲ್ಯಾಬ್ ಹೋಗಿ, ಬಹುಪಾಲು ಸರಕು 5 ಮತ್ತು 18 ಪರ್ಸೆಂಟಿಗೆ ಬಂದಿವೆ. ಕಲಿಯಲಾಗದ್ದು ಇದರಲ್ಲಿ ಏನೂ ಇಲ್ಲ. ಟ್ಯಾಲಿಯನ್ನು ಎಜುಕೇಷನಲ್ ಮೋಡ್‌ನಲ್ಲಿ ಹಾಕಿಕೊಂಡರೆ ಲೈಸೆನ್ಸ್ ಹಣ ಬೇಡ. ತಿಂಗಳ ಕೆಲವೇ ತಾರೀಕುಗಳ ಎಂಟ್ರಿ ಆಗುತ್ತದೆ ಅಷ್ಟೇ. ಕೈ ಮತ್ತೆ ಕೂರಲು ಅಷ್ಟು ಸಾಕು.

ತುಮಕೂರಿನಂಥ ಊರಿನಲ್ಲಿ ಪ್ರತಿ ಆಡಿಟರ್, ಪ್ರತಿ ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಿನಲ್ಲೂ 11 ಮತ್ತು 20ರ ಹಿಂದಿನ ದಿನಗಳಲ್ಲಿ ಬಿಲ್ಲಿನ ರಾಶಿ ಬಿದ್ದಿರುತ್ತದೆ. ಖರೀದಿ ಬಿಲ್ ಎಂಟ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ, ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿ ಜೊತೆ ತಾಳೆ ನೋಡುವುದು, ಇವೆಲ್ಲ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ. ಆದರೆ ಗಿರಾಕಿಗಳ ಲೆಕ್ಕವನ್ನು ಅವರು ಗೊತ್ತಿಲ್ಲದವರ ಕೈಗೆ ಕೊಡುವುದಿಲ್ಲ. ನಿಮ್ಮ ಹಳೆಯ ಆಡಿಟರಿಗೆ ನೀವು ಗೊತ್ತು. ಮನೆಯಿಂದ ಮಾಡುವ ಮೊದಲ ಕೆಲಸ, ಎದ್ದು ಹೋಗಿ ಬಾಗಿಲು ತಟ್ಟಬಹುದಾದ ಆಫೀಸಿನಿಂದಲೇ ಬರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಶುರುವಿನಲ್ಲಿ ತಿಂಗಳಿಗೆ ಮೂರೋ ನಾಲ್ಕೋ ಅಂಗಡಿಯ ಲೆಕ್ಕ ಸಿಗಬಹುದು. 30 ಸಾವಿರ ಖಂಡಿತ ಬರುವುದಿಲ್ಲ. ಎರಡನೇ ತಿಂಗಳೂ ಬರುತ್ತದೆ, ಅದು ಮುಖ್ಯ. ಬೇರೆ ಕಡೆಯೂ ಹುಡುಕುವುದಾದರೆ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಇದೆ. ಅಲ್ಲಿ ಹೆಸರು ಹಾಕಲು ಹಣ ಕೊಡಬೇಕಿಲ್ಲ.

ಇನ್ನೂ ಕೆಲಸದಲ್ಲಿದ್ದು, ಹೆರಿಗೆ ಹತ್ತಿರ ಬಂತು ಎಂದು ರಾಜೀನಾಮೆ ಬರೆಯುತ್ತಿರುವ ಹೆಣ್ಣುಮಕ್ಕಳಿಗೂ ಇಲ್ಲೇ ಒಂದು ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಬಂತು. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ರಜೆ ಹಾಗೇ ಉಳಿದಿದೆ. ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ರಜೆಯ ನಂತರ ಮಾಲೀಕರ ಜೊತೆ ಮಾತಾಡಿಕೊಂಡು ಮನೆಯಿಂದ ಕೆಲಸ ಮಾಡಲೂ ಅದರಲ್ಲಿ ಅವಕಾಶ ಇಟ್ಟಿದ್ದಾರೆ. ಹತ್ತು ಜನರಿಗಿಂತ ಕಡಿಮೆ ಇರುವ ಸಣ್ಣ ಆಫೀಸುಗಳಿಗೆ ಇದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೂ ರಾಜೀನಾಮೆ ಕೊಡುವ ಮುಂಚೆ ಬಾಯಿಬಿಟ್ಟು ಕೇಳಿ. ಇರುವ ಕೆಲಸವನ್ನು ಮನೆಗೆ ತರುವುದು, ಬಿಟ್ಟ ಕೆಲಸವನ್ನು ಹುಡುಕುವುದಕ್ಕಿಂತ ಎಷ್ಟೋ ಸುಲಭ.

ತಂಗಿ, ನಿಮಗೆ ನಾನು ಹೇಳುವುದು ಒಂದೇ ಕೆಲಸ. ಮೈದುನ ಬೆಂಗಳೂರಿಗೆ ಹೋಗುವ ಆ ಎರಡು ದಿನ, ಬೆಳಗ್ಗೆ 10ರಿಂದ 1ರವರೆಗೆ ಆ ಕೋಣೆ ನಿಮ್ಮದು. ಅವನಿಲ್ಲದಾಗ ಕದ್ದು ಕೂರಬೇಡಿ. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಗಂಡ, ಅತ್ತೆ, ಮೈದುನ ಮೂವರ ಎದುರಿಗೇ ಹೇಳಿ: ‘ಆ ಎರಡು ದಿನ ನಾನು ಕೆಲಸಕ್ಕೆ ಕೂರುತ್ತೇನೆ. ಚಿಕ್ಕವನನ್ನು ಅಂಗನವಾಡಿಗೆ ಹಾಕೋಣ. ಬಂದ ಮೇಲೆ ಮಧ್ಯಾಹ್ನ 1ರವರೆಗೆ ಅತ್ತೆ ನೋಡಿಕೊಳ್ಳಲಿ. ಅಡುಗೆ ಮೊದಲೇ ಮಾಡಿಟ್ಟಿರುತ್ತೇನೆ.’ ಅತ್ತೆಗೆ ಮುಂಚೆಯೇ ತಿಳಿಸಿರಿ, ಅವರು ಬೇಡ ಅನ್ನುವುದಿಲ್ಲ. ಮೈದುನನಿಗೆ ಇನ್ನೊಂದು ಹೇಳಿ. ಅವನ ಆಫೀಸ್ ಲ್ಯಾಪ್‌ಟಾಪ್ ಬೇಡ, ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಟ್ಯಾಲಿ ಓಡುವಂಥ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಅವನೇ ನೋಡಿ ಆರಿಸಿ ತರಲಿ. ಅಷ್ಟಾದರೂ ಅವನು ಮಾಡಬೇಕು. ಬಟ್ಟೆ ಒಣಗಲು ಮಾಳಿಗೆ ಇದೆ.

ಎರಡು ವಾರ ಆ ಕೋಣೆಯಲ್ಲಿ ಕೂತು ಕೈ ಪಳಗಿಸಿಕೊಂಡ ಮೇಲೆ ಹಳೆಯ ಆಫೀಸಿಗೆ ಹೋಗಿ. 20ನೇ ತಾರೀಕು ಕಳೆದ ಮೇಲೆಯೇ ಹೋಗಿ. ಅದಕ್ಕೆ ಮುಂಚೆ ಹೋದರೆ ತಲೆ ಎತ್ತಿ ಮಾತಾಡಲೂ ಅವರಿಗೆ ಪುರುಸೊತ್ತಿರುವುದಿಲ್ಲ. ‘ಸರ್, ವಾರಕ್ಕೆ ಎರಡು ದಿನ, ದಿನಕ್ಕೆ ಮೂರು ಗಂಟೆ ನಾನು ಮನೆಯಿಂದ ಖಚಿತವಾಗಿ ಕೂರಬಲ್ಲೆ. ಮೊದಲ ತಿಂಗಳು ಬೇಕಾದರೆ ಇಲ್ಲೇ ಬಂದು ಮಾಡಿ ತೋರಿಸುತ್ತೇನೆ. ಒಂದು ಅಂಗಡಿಯ ಲೆಕ್ಕಕ್ಕೆ ಎಷ್ಟು ಕೊಡುತ್ತೀರಿ?’ ಎಂದು ಕೇಳಿ. ಆ ಕೊನೆಯ ಪ್ರಶ್ನೆಯನ್ನು ಬಿಟ್ಟು ಬರಬೇಡಿ.